ಕಿಸೆಯಲ್ಲಿ ಸಿಕ್ಕಿದ್ದು

ಶಾರ್ಜಾದ ರೋಲಾದಲ್ಲಿ, ಎರಡು ಮೊಬೈಲ್ ಅಂಗಡಿಗಳ ನಡುವಿನ
ಸಂದಿಯಲ್ಲಿ ನನ್ನ ಇಸ್ತ್ರಿ ಮೇಜು.
ಅಂಗಡಿ ಇದಿನಬ್ಬರದು. ಮೇಜು ಮಾತ್ರ ನನ್ನದು.
ಹದಿನಾಲ್ಕು ವರ್ಷ ಒಂದೇ ಕಡೆ ಮೊಣಕೈ ಊರಿದ್ದಕ್ಕೆ
ಮರಕ್ಕೆ ನನ್ನ ಗುರುತು ಸಿಗುತ್ತದೆ.

ನೀರಿಗೆ ಹಾಕುವ ಮೊದಲು ಕಿಸೆ ನೋಡಬೇಕು.
ಅಂಕೋಲೆಯ ಹಳ್ಳದ ಬಂಡೆಯ ಮೇಲೆ ಅಪ್ಪ ಕಲಿಸಿದ್ದು:
‘ಮೈಲಿಗೆ ಬಟ್ಟೆಯೊಳಗೂ ಒಂದು ಮನೆ ಇರ್ತದೆ ಮಾರಾಯ,
ಬಾಗಿಲು ತಟ್ಟಿ ಒಳಗೆ ಹೋಗು.’

ಸಿಗುವುದೇನು ಮಹಾ?
ಇಪ್ಪತ್ತೈದು ಫಿಲ್ಸಿನ ನಾಣ್ಯ, ಅದರ ಬೆನ್ನಿಗೊಂದು ಜಿಂಕೆ,
ಬಸ್ ಟಿಕೇಟು, ಏಲಕ್ಕಿ ಸಿಪ್ಪೆ, ಅರ್ಧ ಮಾತ್ರೆ.
ಒಮ್ಮೆ ಒಂದು ಹಾಲುಹಲ್ಲು,
ಟ್ಯಾಕ್ಸಿಯ ಗುಲ್ ಜಮೀನನ ಕಮೀಜಿನಲ್ಲಿ, ಕಾಗದ ಸುತ್ತಿದ್ದು.
ಪೇಶಾವರದಿಂದ ಯಾರ ಕೈಲೋ ಮಗಳು ಕಳಿಸಿದ್ದಂತೆ,
ಬಿದ್ದದ್ದಕ್ಕೆ ಸಾಕ್ಷಿ ಬೇಕಲ್ಲ.
ಒಂದೊಂದು ದಿರ್ಹಮಿಗೂ ಜಗಳ ಕಾಯುವ ಮನುಷ್ಯ
ಅದನ್ನು ಅಂಗೈಯಲ್ಲಿ ಇಟ್ಟುಕೊಂಡು
ತನ್ನ ಹಲ್ಲನ್ನೇ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ.
ಅವತ್ತು ಚೌಕಾಸಿ ಮರೆತ.
ಮರುವಾರ ನೆನಪಾಯಿತು, ಅದು ಬೇರೆ.

ಆಗಸ್ಟಿನಲ್ಲಿ ಇಲ್ಲಿ ತಣ್ಣೀರಿನ ನಲ್ಲಿಗೂ ಕೈ ಸುಡುತ್ತದೆ.
ಎಸಿ ತೊಟ್ಟಿಕ್ಕುವ ಕೊಳವೆಯ ಕೆಳಗೆ
ಹಲ್ವದ ಖಾಲಿ ಡಬ್ಬಿ ಇಟ್ಟೆ. ಮೊದಲ ದಿನ ಬಂದದ್ದು ಒಂದು ಗೊರವಂಕ.
ಈಗ ಏಳು. ಏಳರಲ್ಲಿ ಒಂದು ಕುಂಟ,
ಅದಕ್ಕೇ ದರ್ಪ ಜಾಸ್ತಿ, ಮೊದಲ ಸ್ನಾನ ಅದರದೇ ಆಗಬೇಕು.
‘ಇದೇನು ಲಾಂಡ್ರಿಯೋ, ಹಕ್ಕಿಗಳ ಹಮಾಮೋ?’
ಎಂದು ಬೈದ ಇದಿನಬ್ಬರೇ ಸಂಜೆ
ಖುಬ್ಬೂಸಿನ ಅಂಚು ಕಿತ್ತು ಎಸೆಯುತ್ತಾರೆ,
ನಾನು ನೋಡುತ್ತಿಲ್ಲ ಅಂದುಕೊಂಡು.

ಬೈಕಿನಲ್ಲಿ ಊಟ ಹೊತ್ತು ತಿರುಗುವ ನೇಪಾಳದ ಹುಡುಗ,
ಹೆಸರು ಖಡ್ಗ, ಮೈ ಹಿಡಿಕಡ್ಡಿ.
ಅವನ ಅಂಗಿಗೆ ಮೂರನೇ ಗುಂಡಿ ಇರಲಿಲ್ಲ.
ನನ್ನ ಡಬ್ಬಿಯಲ್ಲಿ ಅನಾಥ ಗುಂಡಿಗಳು ಬೇಕಾದಷ್ಟು,
ಒಂದನ್ನು ಹೊಲಿದೆ. ಕೆಂಪು ದಾರ ಮುಗಿದಿತ್ತು, ನೀಲಿ ಹಾಕಿದೆ.
ಬಿಲ್ಲಿನಲ್ಲಿ ಬರೆಯಲಿಲ್ಲ, ಬಾಯಿ ಬಿಟ್ಟು ಹೇಳಲೂ ಇಲ್ಲ.

ಹತ್ತು ದಿನ ಬಿಟ್ಟು, ಇಳಿಮಧ್ಯಾಹ್ನ,
ಹೆಲ್ಮೆಟ್ಟು ತೆಗೆಯದೆಯೇ ಒಂದು ಕರಕ್ ಚಹಾ ಮೇಜಿನ ಮೇಲಿಟ್ಟ.
‘ಗಿರಾಕಿ ಆರ್ಡರ್ ಕ್ಯಾನ್ಸಲ್ ಮಾಡಿದ ಭಾಯಿ,
ಸುಮ್ಮನೆ ಚೆಲ್ಲಬೇಕಲ್ಲ.’
ಬೈಕು ತಿರುವು ದಾಟಿದ ಮೇಲೆ ಗುಟುಕರಿಸಿದೆ.
ಸಕ್ಕರೆ ಇಲ್ಲ.
ರೋಲಾದಲ್ಲಿ ಯಾವ ಗಿರಾಕಿ
ಸಕ್ಕರೆ ಇಲ್ಲದ ಕರಕ್ ತರಿಸುತ್ತಾನೆ?
ನನ್ನ ಸಕ್ಕರೆ ಕಾಯಿಲೆಯ ಸುದ್ದಿ
ಈ ಬೀದಿಯಲ್ಲಿ ಯಾರ ಬಾಯಿಂದ ಯಾರ ಕಿವಿಗೆ ದಾಟಿತೋ!
ನಗು ಬಂತು. ಇಸ್ತ್ರಿಯ ಹಬೆಯಲ್ಲಿ ಒಬ್ಬನೇ ನಕ್ಕೆ.
ಒಂದು ಕಂದೂರದ ಕಾಲರು ಸ್ವಲ್ಪದರಲ್ಲಿ ಸುಡದೆ ಉಳಿಯಿತು.

ಹಾಗಂತ ಸುಖ ಎಂದು ಹೇಳಲಾರೆ.
ಎರಡು ತಿಂಗಳ ಸಂಬಳ ಇನ್ನೂ ಇದಿನಬ್ಬರ ಪುಸ್ತಕದಲ್ಲೇ ಇದೆ.
ಕೋಣೆಯಲ್ಲಿ ಆರು ಜನ, ಐದು ಗೊರಕೆ.
ಆರನೆಯದು ಎಲ್ಲಕ್ಕಿಂತ ಜೋರು, ಅದು ನನ್ನದಂತೆ.

ಮೊನ್ನೆ ಜ್ವರ. ಮೂರು ದಿನ ಮೇಲೇಳಲಿಲ್ಲ.
ಮಿಷನ್ನು ನೋಡಿಕೊಳ್ಳುವ ಢಾಕಾದ ಶಫೀಕುಲ್
ಕೇಳದೆಯೇ ನನ್ನ ಅಂಗಿ ಒಯ್ದು ಒಗೆದು ತಂದ.
ಅವನಿಗೆ ಇಸ್ತ್ರಿ ಬರುವುದಿಲ್ಲ.
ಎಡದ ತೋಳಿಗೆ ಎರಡು ಗೆರೆ, ರೈಲು ಹಳಿಯ ಹಾಗೆ.
ಕಿಸೆಗೆ ಕೈ ಹಾಕಿದೆ:
ಬೀಗದ ಕೈ, ಮಡಚಿದ ಸಾಮಾನು ಚೀಟಿ,
ಉಜ್ಜಿ ಹೊಳೆಯಿಸಿದ ಒಂದು ಜಿಂಕೆ.

ನಾಣ್ಯ ನನ್ನದು ಹೌದೋ ಅಲ್ಲವೋ, ನೆನಪಾಗಲಿಲ್ಲ. ಕೇಳಲೂ ಇಲ್ಲ.
ತೋಳನ್ನು ತಿದ್ದಲು ಕೈ ಮೇಜಿನವರೆಗೆ ಹೋಗಿತ್ತು,
ಬೇಡ ಅನಿಸಿತು.
ರೈಲು ಹಳಿಯನ್ನೇ ತೊಟ್ಟು ಕೆಲಸಕ್ಕೆ ನಿಂತೆ.
ಹೊರಗೆ ಡಬ್ಬಿ ಒಣಗಿತ್ತು ಅಂತ ಕಾಣುತ್ತದೆ,
ಕುಂಟ ಗೊರವಂಕ
ಬಾಯಿಗೆ ಬಂದಂತೆ ಬೈಯುತ್ತಿತ್ತು.